ಪಡುವಣದಿಂದ ಹೊರಟ ರಾಮಕಥೆ

ಮಾರ್ಗಶಿರ ಶುದ್ಧ ಬಿದಿಗೆ, ಸೋಮವಾರ

ತಂಗಿ ಚಾಕವ್ವ, ಕ್ಷೇಮವೇ? ಮೊಣಕಾಲು ನೋವು ನಮ್ಮ ಮನೆತನದ ಆಸ್ತಿ, ನಿನ್ನ ಪಾಲು ನಿನಗೂ ಬಂದಿರಬೇಕು. ನಿನ್ನ ಗಂಡ ಕೇತಯ್ಯನ ಕೆಮ್ಮು ಈ ಚಳಿಗೆ ಕೆದರಿರುತ್ತದೆ, ಹಿಪ್ಪಲಿ ತೇದು ಜೇನಿನಲ್ಲಿ ಕೊಡು. ಮಗಳು ರೇಕವ್ವೆ ಹೇಗಿದ್ದಾಳೆ? ನಾನು ಲೊಕ್ಕಿಗುಂಡಿ ಬಿಟ್ಟಾಗ ತೊಟ್ಟಿಲಲ್ಲಿದ್ದವಳು, ಈಗ ಅವಳೇ ತೊಟ್ಟಿಲು ತೂಗುತ್ತಿರಬಹುದು. ಸೋದರತ್ತೆ ಮಾಕಬ್ಬೆ ಇದ್ದಾಳೆಯೇ? ಇದ್ದರೆ ಹಲ್ಲಿಲ್ಲದ ಬಾಯಲ್ಲೂ ಊರನ್ನೆಲ್ಲ ಬಯ್ಯುತ್ತಿರುತ್ತಾಳೆ. ಅದನ್ನೇ ಕ್ಷೇಮವೆಂದು ತಿಳಿಯುತ್ತೇನೆ.

ಹೀಗೆ ಕೇಳಿ ಬರೆಯುವುದು ರೂಢಿ, ಕಳಿಸುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಕಡತದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುತ್ತೇನೆ, ತುಂಬಿದಾಗ ಒದ್ದೆ ಕೈಯಿಂದ ಒರೆಸುತ್ತೇನೆ. ಯಾರಿಗೋ ಹೇಳುತ್ತಿದ್ದೇನೆ ಅಂದುಕೊಳ್ಳದಿದ್ದರೆ ನನಗೆ ಮಾತು ಏಳುವುದಿಲ್ಲ. ಇಲ್ಲಿ ಹೇಳಿಕೊಳ್ಳಲು ಮನುಷ್ಯರಿಲ್ಲ, ವಿಗ್ರಹ ಕೆತ್ತುವ ರೂವಾರಿಗಳಿದ್ದಾರೆ.

ತೊರೆಗೆರೆಯ ಗುಡಿ ಮುಗಿದಂತೆಯೇ. ಉಳಿದಿರುವುದು ಮುಂದಣ ಮಂಟಪದ ಸುತ್ತ ಎದೆಮಟ್ಟದ ಗೋಡೆಗೆ ಹೊರಮೈ ಕಲ್ಲು ಕೂರಿಸುವುದೊಂದೇ. ಅದರ ತೆಂಕಣ ಬದಿ ನನ್ನದು. ಹದಿನೆಂಟು ಕಲ್ಲಿನಲ್ಲಿ ರಾಮನ ಕಥೆ, ದಶರಥನ ಯಾಗದಿಂದ ಪಟ್ಟಾಭಿಷೇಕದವರೆಗೆ, ಎರಡು ವರ್ಷ ಒಬ್ಬನೇ ಕೆತ್ತಿದ್ದೇನೆ. ಒಂದೊಂದರ ಬೆನ್ನಿಗೂ ಒಂದು, ಎರಡು ಎಂದು ಅಂಕಿ ಹಾಕಿಕೊಟ್ಟೆ. ಈ ದಿನ ಹದಿನೆಂಟನೆಯದೂ ಕೂತಿತು. ನೋಡಲು ಒಬ್ಬ ರೂವಾರಿಯೂ ಬರಲಿಲ್ಲ. ಬಂದರೂ ಏನು ನೋಡಿಯಾರು? ಇಲ್ಲಿರುವ ಹನ್ನೊಂದು ಜನಕ್ಕೆ ಎರಡೆರಡು ಕಣ್ಣಿದೆ, ಅಷ್ಟೇ.

ಮಾರ್ಗಶಿರ ಶುದ್ಧ ಸಪ್ತಮಿ, ಶನಿವಾರ

ಕಲಿದೇವೋಜ ಎಂಬ ಪ್ರಾಣಿಯ ಬಗ್ಗೆ ಬರೆಯುತ್ತೇನೆ. ವಯಸ್ಸು ಮೂವತ್ತು ದಾಟಿಲ್ಲ. ದೊಡ್ಡ ಗೋಡೆಯ ದೇವರುಗಳೆಲ್ಲ ಅವನ ಕೈಯವು. ಗೋವರ್ಧನ ಎತ್ತಿದ ಕೃಷ್ಣ, ಕೈಲಾಸ ಅಲುಗಿಸುವ ರಾವಣ, ಉಗುರಲ್ಲಿ ಕರುಳು ಬಗೆಯುವ ನರಸಿಂಹ. ಕೆಟ್ಟದಾಗಿದೆ ಎನ್ನಲಾರೆ. ಆದರೆ ನರಸಿಂಹನ ಮೈಮೇಲೆ ಎಷ್ಟು ಒಡವೆ ಹೇರಿದ್ದಾನೆಂದರೆ, ಹಿರಣ್ಯಕ ಸತ್ತದ್ದು ಉಗುರಿನಿಂದಲೋ ಸರದ ಭಾರಕ್ಕೋ ಎಂಬ ಅನುಮಾನ ಬರುತ್ತದೆ.

ಅವನಿಗೆ ಒಂದಕ್ಷರ ಬಾರದು. ಇಲ್ಲಿ ಯಾರಿಗೂ ಬಾರದು. ರೂವಾರಿಗಳ ಪದ್ಧತಿ ನಿನಗೆ ಗೊತ್ತಿದೆಯಲ್ಲ, ವಿಗ್ರಹದ ಕೆಳಗೆ ಹೆಸರು ಬರೆಸಬೇಕು, ಹೆಸರಿನ ಮುಂದೆ ಉಳಿದ ರೂವಾರಿಗಳನ್ನು ಹಳಿಯುವ ಬಿರುದು ಬರೆಸಬೇಕು. ಹಾಗೆ ಇವರ ಬಿರುದುಗಳನ್ನೆಲ್ಲ ಕೆತ್ತುವುದು ಅಕ್ಷರ ಬಲ್ಲ ನನ್ನ ಪಾಲಿನ ಕೂಲಿ. ಶಾಸನದ ಕಲ್ಲುಗಳ ಮೇಲೆ ಬೆರಳಾಡಿಸಿ ನಾನೇ ಕಲಿತ ಅಕ್ಷರ ಅದು. ಉಳಿ ಹಿಡಿಯುವುದನ್ನೂ ಹಾಗೆಯೇ ದೂರದಿಂದ ನೋಡಿ ಕಲಿತೆ, ಯಾವ ಗುರುವಿನ ಕಾಲೂ ಒತ್ತಲಿಲ್ಲ.

ನಿನ್ನೆ ನರಸಿಂಹನ ಕೆಳಗೆ 'ರೂವಾರಿಗಳೆಂಬ ಸೊಕ್ಕಿದ ಆನೆಗಳಿಗೆ ಸಿಂಹ, ನಾಗೋಜನ ಮಗ ಕಲಿದೇವೋಜ' ಎಂದು ಕೆತ್ತಿ ಮುಗಿಸಿದೆ. ಆ ಪ್ರಾಣಿ ಬಂದು ಓದಲಿಲ್ಲ, ಓದಲು ಬಂದರಲ್ಲವೇ? ಗೇಣು ಹಾಕಿ ಅಳೆದ. ಪಕ್ಕದ ವಿಗ್ರಹದ ರೂವಾರಿಯ ಬಿರುದನ್ನೂ ಅಳೆದ.

"ಅಕ್ಷರದಜ್ಜ, ಅವನದು ಮೂರು ಗೇಣು ಐತೆ, ನಂದು ಎರಡೂವರೆ. ಇನ್ನೊಂದು ಪ್ರಾಣಿ ಸೇರಿಸು."

ಸೇರಿಸಿದೆ. ಈಗ ಅವನು ಆನೆಗೆ ಸಿಂಹ ಮಾತ್ರವಲ್ಲ, ಹಾವಿಗೆ ಗರುಡನೂ ಹೌದು. ಆನೆ ಎಂದು ಬರೆದ ಕಡೆ ಕತ್ತೆ ಎಂದು ಬರೆದಿದ್ದರೂ ಅವನು ಗೇಣು ಹಾಕಿ ತೃಪ್ತನಾಗುತ್ತಿದ್ದ. ಬರೆಯಲಿಲ್ಲ. ಅದು ನನ್ನ ದೊಡ್ಡತನ.

ನನ್ನ ಹೆಸರು ಇದುವರೆಗೆ ಯಾವ ಗುಡಿಯ ಯಾವ ಕಲ್ಲಿನ ಮೇಲೂ ಇಲ್ಲ. ಗಾಣಿಗರವನು, ಕುಲದ ರೂವಾರಿಯಲ್ಲ ಎಂದು ಎಲ್ಲ ಕಡೆಯೂ ತಪ್ಪಿಸಿದರು. ಈ ಕೆಲಸದ ಮೇಲಾಳು ಹೆಗ್ಗಡೆ ಮಾದಿರಾಜ ಮಾತ್ರ, ಪ್ರತಿಷ್ಠೆಯ ಹೊತ್ತಿಗೆ ರಾಮಕಥೆಯ ಕೆಳಗೆ ನಿನ್ನ ಹೆಸರು ಹಾಕಿಕೋ ಎಂದಿದ್ದಾನೆ. ಪ್ರತಿಷ್ಠೆ ಫಾಲ್ಗುಣ ಶುದ್ಧ ದಶಮಿಗೆ. ನನಗೆ ಅರವತ್ತೊಂದು. ಇನ್ನೊಂದು ಗುಡಿ ಸಿಗುವುದಿಲ್ಲ. ಬಿರುದನ್ನು ಆಗಲೇ ಕಟ್ಟಿಟ್ಟಿದ್ದೇನೆ: 'ಓದಲರಿಯದ ರೂವಾರಿಗಳ ಬಾಯಿಗೆ ಬೀಗ, ಸಾತಯ್ಯ.' ಓದಲಾರದೆ ಅವರು ಅದರ ಮುಂದೆ ನಿಂತು ಗೇಣು ಹಾಕುವುದನ್ನು ನೆನೆದು ಊಟದ ನಡುವೆ ನಗು ಬಂತು. ರಾಗಿ ನೆತ್ತಿಗೇರಿತು.

ಮಾರ್ಗಶಿರ ಬಹುಳ ಚೌತಿ, ಗುರುವಾರ

ನನ್ನ ಕಲ್ಲುಗಳ ಮೇಲೆ ಮಕರಗಳ ಸಾಲನ್ನೂ ಕೂರಿಸಿಯಾಯಿತು. ಮಕರಗಳು ಕಪ್ಪೆಗಳಂತಿವೆ.

ನೀರು ಹೊರುವ ಬೂಚವ್ವ ಎಂಬವಳಿದ್ದಾಳೆ. ಬೆಳಗಿನಿಂದ ಸಂಜೆಯವರೆಗೆ ಗುಡಿಯನ್ನು ಬಲಕ್ಕೇ ಸುತ್ತುತ್ತಾಳೆ. ದೇವರ ತಾವಿನಲ್ಲಿ ಎಡಕ್ಕೆ ಸುತ್ತಬಾರದಂತೆ, ತಲೆಯ ಮೇಲೆ ಕೊಡವಿದ್ದರೂ. ಉಳಿಯ ಬಿಸಿಗೆ ನೀರು ಚಿಮುಕಿಸುತ್ತ ನನ್ನ ಹತ್ತಿರ ನಿಂತಳು.

"ಅಜ್ಜಾ, ಒಂದು ಕೇಳ್ತೀನಿ, ಬಯ್ಯಬ್ಯಾಡ. ನಿನ್ನ ರಾಮಯ್ಯ ಪಟ್ಟದ ಮೇಲೆ ಕುಂತೋನು ಎದ್ದು ಯುದ್ಧಕ್ಕೆ ಯಾಕೆ ಹೋಗ್ತಾನೆ?"

ಕಥೆ ಗೊತ್ತಿಲ್ಲದಿದ್ದರೆ ಸುಮ್ಮನಿರು ಎಂದೆ.

"ಕಥೆ ಗೊತ್ತು ಕಣಜ್ಜ. ನಮ್ಮವ್ವ ಹೇಳ್ತಿದ್ದ ಕಥೇಲಿ ರಾವಣ ಸಾಯ್ತಿದ್ದ. ನಿಂದ್ರಲ್ಲಿ ಸತ್ತೋನು ಎದ್ದು ಕೂರ್ತಾನೆ. ಕಪಿಗಳು ಕಟ್ಟಿದ ಸೇತುವೆ ಕಿತ್ತು ಕಲ್ಲೆಲ್ಲ ಬೆಟ್ಟಕ್ಕೆ ವಾಪಸ್ ಹೊರ್ತವೆ. ಜಟಾಯುಗೆ ರೆಕ್ಕೆ ಬತ್ತದೆ. ನಂಗೆ ಅದೊಂದು ಚೆಂದ ಅನ್ನಿಸ್ತು."

ಎರಡು ವರ್ಷದ ಕೆಲಸಕ್ಕೆ ಸಿಕ್ಕ ಮೊದಲ ವಿಮರ್ಶೆ ನೋಡು. ನೀರು ಚೆಲ್ಲದೆ ನಡೆಯುವುದನ್ನು ಮೊದಲು ಕಲಿ ಎಂದು ಅಟ್ಟಿದೆ.

ಮಾರ್ಗಶಿರ ಬಹುಳ ಪಂಚಮಿ, ಶುಕ್ರವಾರ

ಈ ದಿನ ಯಾರೂ ಬರುವ ಮುನ್ನ ಗುಡಿಯನ್ನು ಒಂದು ಸುತ್ತು ಸುತ್ತಿದೆ.

ಅವಳು ಹೇಳಿದ್ದು ಸರಿ.

ಮಾರ್ಗಶಿರ ಬಹುಳ ಷಷ್ಠಿ, ಶನಿವಾರ

ನಿನ್ನೆ ಮುಂದಕ್ಕೆ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ, ಬೇಕಾದರೆ ನಗು.

ಗೋಡೆಗೆ ಎದುರಾಗಿ ನಿಂತು ಎಡಗಡೆಯಿಂದ ಬಲಕ್ಕೆ ಕಥೆ ಹೇಳಿದೆ, ಓಲೆಯ ಮೇಲೆ ಸಾಲು ಬರೆಯುವ ಹಾಗೆ. ತೆಂಕಣ ಗೋಡೆಗೆ ಎದುರು ನಿಂತವನ ಎಡಗೈ ಪಡುವಣಕ್ಕೆ. ಯಾಗ ಪಡುವಣದ ತುದಿಯಲ್ಲಿ, ಪಟ್ಟಾಭಿಷೇಕ ಮೂಡಣದ ತುದಿಯಲ್ಲಿ. ಆದರೆ ಬಲಕ್ಕೆ ಸುತ್ತುವ ಭಕ್ತ ಮೂಡಣದ ಬಾಗಿಲಿನಿಂದ ಹೊರಟು ಪಡುವಣಕ್ಕೆ ನಡೆಯುತ್ತಾನೆ. ಅವನಿಗೆ ಮೊದಲು ಸಿಗುವುದು ಕೊನೆ, ಕೊನೆಗೆ ಸಿಗುವುದು ಮೊದಲು. ಯಾವ ಗುಡಿಯಲ್ಲಾದರೂ ಕಥೆ ನಡೆಯುವವನ ಕಾಲಿನ ಜೊತೆ ಹೋಗುತ್ತದೆ. ಅಕ್ಷರ ಬಾರದ ಯಾವ ಪೆದ್ದನೂ ಈ ತಪ್ಪು ಮಾಡುತ್ತಿರಲಿಲ್ಲ. ಇದನ್ನು ಮಾಡಲು ಓದಿದವನೇ ಬೇಕಿತ್ತು. ಅದರ ಮೇಲೆ ನಾನು ಇಷ್ಟು ವರ್ಷದಲ್ಲಿ ಯಾವ ಗುಡಿಯನ್ನೂ ಸುತ್ತಿದವನಲ್ಲ. ಸುತ್ತುವವರನ್ನು ನೋಡಿ ನಕ್ಕವನು.

ಕಲಿದೇವೋಜನ ಹತ್ತಿರ ಹೋಗಿ, ನಿನಗೂ ಕಂಡಿತ್ತೇ ಎಂದು ಕೇಳಿದೆ. ಕಂಡಿತ್ತಂತೆ. ನಾಲ್ಕನೆಯ ಕಲ್ಲು ಕೂರಿಸಿದಾಗಲೇ ಎಲ್ಲರಿಗೂ ಕಂಡಿತ್ತಂತೆ. ಮತ್ತೆ ಯಾಕೋ ಬಾಯಿ ಬಿಡಲಿಲ್ಲ ಎಂದೆ.

"ನೀನು ಓದಿದೋನು. ಏನೋ ಒಳ ಅರ್ಥ ಇಟ್ಟಿರ್ತಾನೆ, ಕೇಳಿದ್ರೆ ನಿಮಗೇನು ತಿಳೀತದೆ ಅಂತ ಉಗೀತಾನೆ ಅಂತ ಸುಮ್ಕಿದ್ವಿ." ಉಳಿಯ ಮೊನೆ ನೋಡುತ್ತ ಹೇಳಿದ, ನನ್ನ ಮುಖ ನೋಡಲಿಲ್ಲ. "ಉಗೀತಿದ್ದೆ ತಾನೇ?"

ಉಗಿಯುತ್ತಿದ್ದೆ.

ಸಂಜೆಯ ಹೊತ್ತಿಗೆ ಹೆಗ್ಗಡೆಗೂ ತಿಳಿಯಿತು. ಅವನು ಗೋಡೆಯ ಮುಂದೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದು ನೋಡಿದ. ಕಲ್ಲುಗಳನ್ನು ಅದಲು ಬದಲು ಮಾಡಿದರೆ ಆದೀತೇ ಎಂದ. ಆಗದು. ಮೂಲೆಗೆ ಬರುವ ಕಲ್ಲುಗಳ ಅಂಚೇ ಬೇರೆ. ಕಲ್ಲು ಬದಲಿಸಿದರೂ ಒಂದೊಂದರೊಳಗಿನ ಕುದುರೆ, ಕಪಿ, ಬಾಣ ಎಲ್ಲ ನಡೆಯುವವನಿಗೆ ಎದುರಾಗಿಯೇ ಓಡುತ್ತವೆ.

"ಹಾಗಾದರೆ ಕಿತ್ತು ಬಳ್ಳಿ ಕೆತ್ತಿಸಿ," ಎಂದ ಹೆಗ್ಗಡೆ. "ಬಳ್ಳಿಗೆ ಹಿಂದು ಮುಂದು ಇಲ್ಲ. ಹೆಸರಿನ ಮಾತು ಇನ್ನು ಬೇಡ ಸಾತಯ್ಯ."

ನಾನು ನನ್ನ ಉಳಿಗಳನ್ನು ಚರ್ಮದ ಚೀಲಕ್ಕೆ ತುಂಬುತ್ತಿದ್ದೆ. ಕಲಿದೇವೋಜ ಹೆಗ್ಗಡೆಯನ್ನು ತಡೆದು ನಿಲ್ಲಿಸಿದ. ತನ್ನ ದೇವರುಗಳೆಲ್ಲ ಮುಗಿದಿವೆ, ಹನ್ನೊಂದು ಜನರ ಕೈ ಬಿಡುವಾಗಿದೆ, ಗಣಿಯಿಂದ ಮೆತ್ತಗಿನ ಹಸಿ ಕಲ್ಲು ತರಿಸಿದರೆ ಹೊಸದಾಗಿ ಹದಿನೆಂಟನ್ನೂ ಎರಡು ತಿಂಗಳಲ್ಲಿ ಇಳಿಸುತ್ತೇವೆ ಎಂದ. ಹೆಗ್ಗಡೆ ಅರ್ಧ ಮನಸ್ಸಿನಿಂದ ತಲೆಯಾಡಿಸಿ ಹೋದ. ನಿನ್ನ ಕರುಣೆ ನನಗೆ ಬೇಡ ಎಂದೆ ಆ ಪ್ರಾಣಿಗೆ.

"ಯಾರಿಗೆ ಬೇಕು ನಿನ್ನ ಮೇಲೆ ಕರುಣೆ? ಮೇಲಿನ ಗೋಡೇಲಿ ನನ್ನ ನರಸಿಂಹ ಐತೆ. ನಾಳೆ ಬಂದೋರು ಕೆಳಗೆ ಈ ತಿರುಗುಮುರುಗು ನೋಡಿ, ಇಲ್ಲಿ ಉಳಿ ಹಿಡಿದೋರೆಲ್ಲ ಪೆದ್ರು ಅಂದ್ಕಂತಾರೆ. ಚೀಲ ಕೆಳಗಿಡು."

ಚೀಲ ಭಾರವಿತ್ತು. ಅದಕ್ಕೇ ಕೆಳಗಿಟ್ಟೆ.

ಪುಷ್ಯ ಶುದ್ಧ ಪಾಡ್ಯ, ಮಂಗಳವಾರ

ಚಾಕವ್ವ, ಇವರ ಜೊತೆ ಕೆಲಸ ಮಾಡುವುದೆಂದರೆ ಹನ್ನೊಂದು ಎಮ್ಮೆಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಒಬ್ಬನಿಗೆ ರಥ ಬಿಟ್ಟರೆ ಬೇರೇನೂ ಬಾರದು. ಇನ್ನೊಬ್ಬ ಕೆತ್ತಿದ ಹನುಮಂತನಿಗೆ ಹೊಟ್ಟೆ ಬಂದಿದೆ, ಸಮುದ್ರ ಹಾರುವುದಿರಲಿ ಹೊಸಿಲು ದಾಟಲಾರ. ಕುಂಭಕರ್ಣನನ್ನು ಎಬ್ಬಿಸುವ ಕಲ್ಲು ಸಿಕ್ಕಿದವನು ತಾನೇ ಮಧ್ಯಾಹ್ನವೆಲ್ಲ ನಿದ್ದೆ ಹೊಡೆಯುತ್ತಾನೆ.

ಆದರೆ ಮೊದಲು ಕೆಡಿಸಿದವನು ನಾನೇ. ಹಳೆಯ ಕಲ್ಲಿನ ಗೆರೆಗಳನ್ನು ಬಟ್ಟೆಗಿಳಿಸಿ, ಸೂಜಿಯಲ್ಲಿ ಚುಚ್ಚಿ, ಬಟ್ಟೆ ಮಗುಚಿ ಹಾಕಿದರೆ ಎಲ್ಲ ತಾನಾಗಿ ತಿರುಗುತ್ತದೆ, ಬುದ್ಧಿಯ ಕೆಲಸ ಅಂದುಕೊಂಡೆ. ಮೂರು ಕಲ್ಲಿಗೆ ಗೆರೆ ಹಾಕಿಯೂ ಕೊಟ್ಟೆ. ಕಲಿದೇವ ಬಂದು ನೋಡಿ, ತನ್ನ ಎಡಗೈ ಎತ್ತಿ ನನ್ನ ತಲೆಯ ಮೇಲಿಟ್ಟು ಆಶೀರ್ವಾದ ಮಾಡಿದ. ಉಳಿದವರು ನಕ್ಕರು. ಆಮೇಲೆ ತಿಳಿಯಿತು. ಮಗುಚಿದ ಬಟ್ಟೆಯಲ್ಲಿ ವಸಿಷ್ಠನಿಂದ ಹಿಡಿದು ಎಲ್ಲರೂ ಎಡಗೈಯಲ್ಲಿ ಹರಸುತ್ತಾರೆ, ಎಡಗೈಯಲ್ಲಿ ಉಣ್ಣುತ್ತಾರೆ, ರಾಮನೂ ಎಡಚ. ಒಂದೊಂದು ಮೈಯನ್ನೂ ಹೊಸದಾಗಿ ಯೋಚಿಸಬೇಕು. ಕಾಲು ಪಡುವಣಕ್ಕೆ ಹೋಗುತ್ತಿರಬೇಕು, ಬಲಗೈ ಬಲಗೈಯಾಗಿಯೇ ಉಳಿಯಬೇಕು.

ಕಲಿದೇವನದೊಂದು ಹುಚ್ಚು ಪದ್ಧತಿ ಇದೆ. ಗೆರೆ ಹಾಕಿದ ಕಲ್ಲುಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿ, ಬೂಚವ್ವನನ್ನು ತುಂಬಿದ ಕೊಡದ ಜೊತೆ ಪಕ್ಕದಲ್ಲೇ ನಡೆಸುತ್ತಾನೆ. ನಿಲ್ಲಬಾರದು, ಕತ್ತು ಹೊರಳಿಸಬಾರದು, ಕಂಡದ್ದನ್ನು ಹೇಳುತ್ತ ಹೋಗಬೇಕು. ಎಲ್ಲಿ ಅವಳ ಮಾತು ತಡೆಯಿತೋ ಆ ಕಲ್ಲಿನ ಗೆರೆ ಅಳಿಸಬೇಕು. ನಾನು ಹಾಕಿದ ಚಿನ್ನದ ಜಿಂಕೆಯ ಮುಂದೆ ಮೂರು ದಿನವೂ ಅವಳ ಮಾತು ತಡೆಯಿತು.

"ಜಿಂಕೆ ಓಡ್ತೈತೆ, ಸರಿ. ಆಸೆ ಯಾಕೆ ಹುಟ್ತು ಅಂತ ತಿಳೀತಿಲ್ಲ ಅಜ್ಜ."

ನಾಲ್ಕನೆಯ ದಿನ ಜಿಂಕೆಯ ಕಾಲು ಪಡುವಣಕ್ಕೆ ಬಿಟ್ಟು ಕತ್ತನ್ನು ಮಾತ್ರ ಹಿಂದಕ್ಕೆ ತಿರುಗಿಸಿದೆ, ಸೀತೆಯ ಕಡೆಗೆ. ಬೂಚವ್ವ ಆ ಕಲ್ಲನ್ನು ದಾಟಿ ಮುಂದಿನ ಕಲ್ಲಿಗೆ ಹೋದಮೇಲೂ ಅದರ ಮಾತೇ ಆಡುತ್ತಿದ್ದಳು. ನೀರು ಹೊರುವವಳ ಒಪ್ಪಿಗೆಗೆ ಕಾಯುವ ಗತಿ ಬಂತು ನೋಡು ನನಗೆ.

ಊಟ ಈಗ ಅವರ ಜೊತೆಗೇ. ನನ್ನ ಒಲೆಯ ಗುಂಡು ಒಡೆದಿದೆ, ಸರಿಮಾಡಿಕೊಳ್ಳಲು ಹೊತ್ತಿಲ್ಲ. ಹುರುಳಿ ಸಾರಿಗೆ ಮೆಣಸು ಅರೆಯುವುದು ಕೂಡ ಇವರಿಗೆ ಬಾರದು.

ಪುಷ್ಯ ಬಹುಳ ದಶಮಿ, ಗುರುವಾರ

ಹನ್ನೆರಡು ಕಲ್ಲು ಕೂತವು. ಬೆರಳ ಗೆಣ್ಣುಗಳು ಬಾತಿವೆ. ಕಲಿ ತನ್ನ ಎಳ್ಳೆಣ್ಣೆ ತಂದು ತಿಕ್ಕಿದ. ಎಣ್ಣೆ ಕಲಬೆರಕೆಯದು, ಮೂಗಿಗೆ ತಂದ ಕೂಡಲೇ ಗೊತ್ತಾಯಿತು. ಹೇಳಲಿಲ್ಲ.

ಹಳೆಯ ಹದಿನೆಂಟನ್ನು ಕೆರೆಯ ಮೆಟ್ಟಿಲಿಗೆ ಹಾಕುತ್ತಿದ್ದಾರೆ, ಮುಖ ಕೆಳಗೆ ಮಾಡಿ. ಜಟಾಯುವಿನ ಕಲ್ಲೊಂದನ್ನು ಮುಖ ಮೇಲೆ ಮಾಡಿ ಕೂರಿಸಿರಿ ಎಂದು ಬೂಚವ್ವ ಕೇಳಿಕೊಂಡಳಂತೆ. ಕೆರೆಗೆ ಇಳಿಯುವವರಿಗೆ ಅದರಲ್ಲಿ ರೆಕ್ಕೆ ಕಡಿದು ಬೀಳುತ್ತದೆ, ಕೊಡ ತುಂಬಿ ಹತ್ತುವವರಿಗೆ ರೆಕ್ಕೆ ಬರುತ್ತದೆ. ಹಾಕಿದ್ದಾರೆ. ಹಾಳಾಗಿ ಹೋಗಲಿ.

ಮಾಘ ಶುದ್ಧ ತದಿಗೆ, ಶುಕ್ರವಾರ

ಹದಿನೆಂಟೂ ಮುಗಿದವು. ನಿನ್ನೆ ಹೆಗ್ಗಡೆ ಬಂದು ಬೂಚವ್ವನ ಹಿಂದೆಯೇ ಒಂದು ಸುತ್ತು ನಡೆದ. ಇನ್ನೊಂದು ಸುತ್ತೂ ನಡೆದ. ಯಾಗದ ಕಲ್ಲಿನ ಕೆಳಗೆ ಕಲಿ ಎರಡು ಗೇಣು ಪಟ್ಟಿಯನ್ನು ಉಜ್ಜಿ ನುಣ್ಣಗೆ ಮಾಡಿಟ್ಟಿದ್ದನ್ನು ಕಂಡು, ಇದು ಯಾರಿಗೆ ಎಂದ. ಕಲಿ ನನ್ನ ಕಡೆ ಗದ್ದ ತೋರಿಸಿದ. ಹೆಗ್ಗಡೆ ಸರಿ ಎಂದು ಹೋದ.

ಹನ್ನೊಂದು ಜನ ಕೆತ್ತಿದ್ದಕ್ಕೆ ನನ್ನೊಬ್ಬನ ಹೆಸರು ಯಾಕೆ ಎಂದು ಜಗಳ ತೆಗೆದೆ.

"ನಮ್ಮವು ಮೇಲೆ ಬೇಕಾದಷ್ಟು ಅವೆ. ಇದು ಎರಡು ಸಲ ನಿನ್ನ ತಲೇಲಿ ಹುಟ್ಟಿದ್ದು, ಒಂದು ಸಲ ತಪ್ಪು, ಒಂದು ಸಲ ಸರಿ. ಹಟ ಮಾಡಬ್ಯಾಡ, ಹೇಳು," ಎಂದ. "ಇಂಥವನ ಮಗ ಇಂಥವನು. ಹಂಗಲ್ವಾ ನೀನು ನಮಗೆಲ್ಲ ಬರೆಯೋದು? ನೀನು ಯಾರ ಮಗ?"

ಉಳಿ ಕೈಯಲ್ಲಿತ್ತು. ಇಪ್ಪತ್ತೆರಡು ವರ್ಷದಲ್ಲಿ ಇದನ್ನು ಯಾರಾದರೂ ಕೇಳಿದರೆ, ಯಾರ ಮಗನೂ ಅಲ್ಲ, ನಾನೇ ಕಲಿತವನು ಎನ್ನುತ್ತಿದ್ದೆ. ಈ ಸಲ ಗಾಣದ ಮಾರಯ್ಯನ ಮಗ ಎಂದುಬಿಟ್ಟೆ. ನಗುತ್ತಾರೆ ಎಂದುಕೊಂಡೆ. ಒಬ್ಬನೂ ನಗಲಿಲ್ಲ. ಬರಿ ಮತ್ತೆ, ಎಂದ ಕಲಿ.

ಬರೆಯಲಿಲ್ಲ ಚಾಕವ್ವ. ಅಪ್ಪ ಹಾಸಿಗೆ ಹಿಡಿದು ಮಲಗಿದ್ದಾಗ ನೀನು ಮೂರು ಸಲ ಆಳು ಕಳಿಸಿದೆ. ನನಗೆ ಆಗ ಒಂದು ಗುಡಿಯ ಕಂಬದ ಕೆಲಸವಿತ್ತು, ಗಾಣದ ಮನೆಗೆ ಹೋಗಿ ಬಂದರೆ ರೂವಾರಿಗಳು ಮತ್ತೆ ಗಾಣಿಗ ಎಂದು ಕರೆದಾರು ಎಂದು ಹೋಗಲಿಲ್ಲ. ಕೊನೆಗೆ ಅವನ ಬಾಯಿಗೆ ನೀರು ಬಿಟ್ಟವಳು ನೀನು. ಮಗನಿಲ್ಲದವನ ಹಾಗೆ ಅವನನ್ನು ನಾನು ಕಳಿಸಿಕೊಟ್ಟೆ. ಆ ಹೆಸರು ಈಗ ನಿನ್ನದು. ನಿನ್ನನ್ನು ಕೇಳದೆ ಕಲ್ಲಿಗೆ ಹಾಕುವ ಹಕ್ಕು ನನಗಿಲ್ಲ.

'ಗಾಣದ ಮಾರಯ್ಯನ ಮಗ ಸಾತಯ್ಯ.' ಇಷ್ಟಕ್ಕೇ ಎರಡು ಗೇಣು ತುಂಬುತ್ತದೆ. ಬಿರುದಿಗೆ ತಾವು ಸಾಲದು, ಬಿಟ್ಟಿದ್ದೇನೆ.

ಕಡತದಲ್ಲಿರುವ ಇದಿಷ್ಟನ್ನೂ, ಬಿದಿಗೆಯ ದಿನದ್ದರಿಂದ ಹಿಡಿದು, ಈ ಸಲ ಒರೆಸದೆ ಓಲೆಗೆ ಇಳಿಸುತ್ತಿದ್ದೇನೆ. ನಾಡಿದ್ದು ಬಡಗಣಕ್ಕೆ ಹೊರಡುವ ಹೇರೆತ್ತಿನವರ ಕೈಲಿ ಕೊಡುತ್ತೇನೆ. ಅವರು ಲೊಕ್ಕಿಗುಂಡಿಯಲ್ಲಿ ಒಂದು ದಿನ ಮಾತ್ರ ತಂಗಿ ಹಿಂದಿರುಗುತ್ತಾರೆ. ಪ್ರತಿಷ್ಠೆಯ ದಿನದ ಆಚೆಗೆ ಗೋಡೆಗೆ ಉಳಿ ತಾಗಿಸಬಾರದು. ನೀನು ಬೇಡ ಎಂದರೆ ಆ ಎರಡು ಗೇಣು ಬರಿದೇ ಇರಲಿ, ನನ್ನದೇನೂ ತಕರಾರಿಲ್ಲ. ಬಯ್ಯಬೇಕೆನಿಸಿದರೆ ಬಯ್ಯುವುದನ್ನೂ ಸೇರಿಸು. ಊರ ಸೇನಬೋವನ ಕೈಲಿ ಬರೆಸು. ಅವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಆದರೂ ಹೇಗೋ ಓದಿಕೊಳ್ಳುತ್ತೇನೆ. ಆ ಒಂದು ದಿನದೊಳಗೆ ಉತ್ತರ ಬರೆಸು ತಂಗಿ, ತಡಮಾಡಬೇಡ.